ಸ್ಟೀಮ್ ಓವನ್‌ಗೆ ನೀರು ಬೇಕಾದಾಗ ಬರಲ್ಲ, ಬೇಡವಾದಾಗ ನಿಲ್ಲಲ್ಲ. ವಾಲ್ವ್ ಹೋಗಿದೆಯಾ?

ಹಿಂದವಾಡಿ ವೈನಿ · ಶನಿವಾರ, ರಾತ್ರಿ 9:12

ಗೊತ್ತಿದ್ದವರು ಸ್ವಲ್ಪ ದಾರಿ ತೋರಿಸಿ. ಬೆಳಗಾವಿ ಹಿಂದವಾಡಿಯಲ್ಲಿ ನಮ್ಮದು ಮೊದಲ ಮಹಡಿ ಮನೆ. ಮೈದುನ ಜರ್ಮನಿಯಿಂದ ಊರಿಗೆ ಮರಳುವಾಗ ತನ್ನ ಸ್ಟೀಮ್ ಓವನ್ ಕಟ್ಟಿಕೊಂಡು ಬಂದ. ಡಬ್ಬಿಗೆ ನೀರು ತುಂಬಿ ಇಡುವ ಜಾತಿಯದಲ್ಲ. ವಾಷಿಂಗ್ ಮಷಿನ್‌ಗೆ ಇರುವ ಹಾಗೆ ಹಿಂದೆ ಪೈಪ್ ಇದೆ, ನೇರ ನಲ್ಲಿಗೆ ಜೋಡಿಸಬೇಕು. ಎಂಟು ತಿಂಗಳು ಚೆನ್ನಾಗಿ ನಡೆಯಿತು. ಕಡಬು, ಕೆಸುವಿನೆಲೆ ವಡಿ, ಗಿಣ್ಣ, ಎಲ್ಲ ಅದರಲ್ಲೇ.

ಈಗ ಎರಡು ಕಾಟ. ಒಮ್ಮೊಮ್ಮೆ ಶುರು ಮಾಡಿದ ಕೂಡಲೇ ಒಳಗೆ ಟಕ್ ಅನ್ನುತ್ತದೆ, ಆಮೇಲೆ ಗುಂಯ್ ಅನ್ನುತ್ತದೆ, ನೀರು ಮಾತ್ರ ಬರಲ್ಲ. ಪರದೆ ಮೇಲೆ ನಲ್ಲಿ ಚಿತ್ರ ಮಿಣುಕುತ್ತದೆ. ಇನ್ನು ಕೆಲವು ಸಲ ನೀರು ಬರುತ್ತದೆ, ಆದರೆ ನಿಲ್ಲಲ್ಲ. ಅಡುಗೆ ಮುಗಿಸಿ ಆಫ್ ಮಾಡಿ ಮಲಗಿದರೆ ಬೆಳಿಗ್ಗೆ ಓವನ್ ತಳದಲ್ಲಿ ಎರಡು ಲೋಟ ನೀರು.

ಸರ್ವಿಸ್‌ನವರು ಬಂದು ಹತ್ತು ನಿಮಿಷ ನೋಡಿ, ವಾಲ್ವೂ ಹೋಗಿದೆ, ಓವನ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡೂ ಹೋಗಿದೆ ಅಂದರು. ಎರಡೂ ಸೇರಿ 31,000 ರೂಪಾಯಿ, ಸಾಮಾನು ಹೊರದೇಶದಿಂದ ಬರಲು ಆರು ವಾರ. ಚೌತಿಗೆ ಇನ್ನು ಹದಿನೆಂಟೇ ದಿನ. ನೂರಾ ಒಂದು ಮೋದಕ ಒಪ್ಪಿಕೊಂಡು ಕೂತಿದ್ದೇನೆ.

ಇಡ್ಲಿಪಾತ್ರೆ · 9:15

ವೈನಿ, ಅಟ್ಟದ ಮೇಲಿನ ಇಡ್ಲಿ ಪಾತ್ರೆ ಇಳಿಸಿ. ಅದಕ್ಕೆ ಬೋರ್ಡ್ ಇಲ್ಲ.

ಅಥಣಿ ಅಕ್ಕ · 9:18

ಇಂಥವರು ಎಲ್ಲ ಕಡೆ ಒಬ್ಬರು ಇದ್ದೇ ಇರುತ್ತಾರೆ. ನೂರಾ ಒಂದು ಮೋದಕ ನೀವೇ ಬಂದು ಬೇಯಿಸಿ ಕೊಡಿ ಹಾಗಾದರೆ.

ಮೀಟರ್ ಮಾಮಾ · 9:31

ಮೊದಲು ಓವನ್‌ಗೆ ಹೋಗುವ ನಲ್ಲಿ ಬಂದ್ ಮಾಡಿ. ಈಗಲೇ. ರಾತ್ರಿ ಪೈಪ್ ಬಿಟ್ಟರೆ ಕೆಳಗಿನ ಮನೆಯವರ ಜೊತೆ ಜಗಳ ಬೇರೆ.

ನಾಳೆ ಒಂದು ಪರೀಕ್ಷೆ ಮಾಡಿ, ಖರ್ಚಿಲ್ಲ. ಓವನ್ ಪ್ಲಗ್ಗೇ ಕಿತ್ತು ಇಡಿ, ಸುಮ್ನೆ ಸ್ವಿಚ್ ಆಫ್ ಮಾಡಿದರೆ ಸಾಲದು. ತಳ ಒರೆಸಿ ಒಣಗಿಸಿ. ನಲ್ಲಿ ತೆರೆದು ನಾಲ್ಕು ಗಂಟೆ ಬಿಡಿ. ಕರೆಂಟೇ ಇಲ್ಲದಾಗಲೂ ನೀರು ಸೋರಿದರೆ ಬೋರ್ಡ್‌ದು ತಪ್ಪಲ್ಲ, ವಾಲ್ವ್ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ. ಪ್ಲಗ್ ಹಾಕಿದಾಗ ಮಾತ್ರ ಸೋರಿದರೆ ಆಗ ಬೋರ್ಡಿನ ರಿಲೇ ಮೇಲೆ, ಅಂದರೆ ವಾಲ್ವಿಗೆ ಕರೆಂಟ್ ಕೊಡುವ ಸ್ವಿಚ್ ಮೇಲೆ, ಅನುಮಾನ ಪಡಬೇಕು. ಹತ್ತು ನಿಮಿಷದಲ್ಲಿ ಎರಡೂ ಹೋಗಿದೆ ಅಂದವರು ಈ ಪರೀಕ್ಷೆ ಮಾಡಿದರಾ?

ಹಿಂದವಾಡಿ ವೈನಿ · 9:36

ಇಲ್ಲ. ಫೋಟೋ ತೆಗೆದುಕೊಂಡರು, ಚಹಾ ಕುಡಿದರು, 650 ವಿಸಿಟ್ ಚಾರ್ಜ್ ತೆಗೆದುಕೊಂಡರು.

ಜಮಖಂಡಿ ಜವಾರಿ · 9:44

ಜರ್ಮನಿ ಮಾಲು ಅಂದಿರಿ. ಅಲ್ಲಿಯ ವೋಲ್ಟೇಜೇ ಬೇರೆ. ವಾಲ್ವ್ ತೆರೆಸುವ ಕರೆಂಟಿನ ಕಾಯಿಲ್ ಸುಟ್ಟಿರುತ್ತದೆ ನೋಡಿ.

ಮೀಟರ್ ಮಾಮಾ · 9:47

ತಮ್ಮಾ, ಅಲ್ಲಿಯೂ 230 ವೋಲ್ಟ್, 50 ಹರ್ಟ್ಸ್. ನಮ್ಮದೂ ಅಷ್ಟೇ. ಬೇರೆ ಇರುವುದು ಅಮೆರಿಕದ್ದು, 120 ವೋಲ್ಟ್, 60 ಹರ್ಟ್ಸ್. ಟಕ್ ಅಂದು ಗುಂಯ್ ಅನ್ನುತ್ತದೆ ಅಂದ ಮೇಲೆ ಕಾಯಿಲ್ ಜೀವಂತ ಇದೆ. ಸುಟ್ಟ ಕಾಯಿಲ್ ಸದ್ದೇ ಮಾಡಲ್ಲ. ಮಲ್ಟಿಮೀಟರ್ ಇದ್ದರೆ ಪ್ಲಗ್ ಕಿತ್ತು, ವಾಲ್ವಿನ ಎರಡು ಪಿನ್ ಬಿಡಿಸಿ ಅಳೆಯಿರಿ. ಈ ಜಾತಿ ಕಾಯಿಲ್ ಸಾಮಾನ್ಯವಾಗಿ 3ರಿಂದ 5 ಕಿಲೋ ಓಂ ತೋರಿಸುತ್ತದೆ. ಏನೂ ತೋರಿಸದಿದ್ದರೆ ತಂತಿ ಒಳಗೆ ಕಡಿದಿದೆ.

ನವನಗರ ಸೆಕ್ಟರ್‌ವಾಸಿ · 10:05

ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ಇದು ನೂರಕ್ಕೆ ನೂರು ಸುಣ್ಣ. ನಮ್ಮ ಕಡೆ ನೆಲದಡಿ ಸುಣ್ಣದ ಕಲ್ಲಿದೆ, ಸಿಮೆಂಟ್ ಫ್ಯಾಕ್ಟರಿ ಸುಮ್ನೆ ಇಲ್ಲಿ ಬಂದು ಕೂತಿಲ್ಲ. ಬೋರ್ ನೀರು ಕಾಯಿಸಿದ ಪಾತ್ರೆಗೆ ಆರು ತಿಂಗಳಲ್ಲಿ ಬಿಳಿ ಚಿಪ್ಪು ಕಟ್ಟುತ್ತದೆ. ನಮ್ಮ ಗೀಸರ್ ಕಾಯಿಲ್ ತೆಗೆದಾಗ ಹವಳದ ಹಾಗಿತ್ತು. ಆ ಓವನ್ ಒಳಗೂ ಅದೇ. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಸ್ವಲ್ಪ ನೀರಿಗೆ ಬೆರೆಸಿ ಬಿಡಿ, ಚಕಚಕ ಆಗುತ್ತದೆ.

ಮುಧೋಳ ಮಾಸ್ತರ · 10:09

ದಯವಿಟ್ಟು ಬೇಡ! ಅದು ಹೈಡ್ರೋಕ್ಲೋರಿಕ್ ಆ್ಯಸಿಡ್. ಸ್ಟೀಲನ್ನು ಚುಕ್ಕಿ ಚುಕ್ಕಿಯಾಗಿ ತಿನ್ನುತ್ತದೆ, ರಬ್ಬರನ್ನೂ ಬಿಡಲ್ಲ. ಮೇಲಾಗಿ ಅದರ ಹಬೆಯಲ್ಲಿ ಬೆಂದದ್ದನ್ನು ತಿನ್ನುವವರು ಯಾರು?

ಸುಣ್ಣ ತೆಗೆಯಲು ಸಿಟ್ರಿಕ್ ಆ್ಯಸಿಡ್ ಸಾಕು. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿ. ಒಂದು ಲೀಟರ್ ನೀರಿಗೆ 50 ಗ್ರಾಂ. ನೀರು ಉಗುರು ಬೆಚ್ಚಗಿರಲಿ. ಕುದಿಸಬೇಡಿ. ಬಿಸಿ ಜಾಸ್ತಿಯಾದರೆ ಸುಣ್ಣ ಮತ್ತು ಸಿಟ್ರಿಕ್ ಸೇರಿ ಇನ್ನೊಂದು ಬಿಳಿ ಗಟ್ಟಿ ಪದಾರ್ಥವಾಗಿ ತಳಕ್ಕೆ ಕೂರುತ್ತದೆ. ಒಂದು ಕಾಟ ಕಳೆದು ಇನ್ನೊಂದು.

ದ್ರಾಕ್ಷಿ ತಿಕೋಟಾ · 10:14

ನಮ್ಮ ವಿಜಯಪುರ ಜಿಲ್ಲೆಯಲ್ಲಿ ಇಂಡಿ ಲಿಂಬೆ ಇರುವಾಗ ಪುಡಿ ಯಾಕೆ ಸರ್?

ಮುಧೋಳ ಮಾಸ್ತರ · 10:22

ಲೆಕ್ಕ ಹಾಕೋಣ. ಲಿಂಬೆ ರಸದಲ್ಲಿ ಸಿಟ್ರಿಕ್ ನೂರಕ್ಕೆ ಸುಮಾರು 5 ಪಾಲು. 50 ಗ್ರಾಂ ಬೇಕು ಅಂದರೆ ಒಂದು ಲೀಟರ್ ರಸ. ಮೂವತ್ತು ನಲವತ್ತು ಹಣ್ಣು ಹಿಂಡಬೇಕು. ಆಮೇಲೆ ಆ ತಿರುಳು ಸಣ್ಣ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಉಪ್ಪಿನಕಾಯಿ ಹಾಕಿ, ಅದೇ ಲಾಭ.

ಹಿಂದವಾಡಿ ವೈನಿ · 10:30

ಆದರೆ ನಮ್ಮದು ಬೋರ್ ನೀರಲ್ಲ. ಕಾರ್ಪೊರೇಷನ್ ನೀರು, ರಕ್ಕಸಕೊಪ್ಪ ಜಲಾಶಯದ್ದು. ಬೇಳೆ ಚೆನ್ನಾಗಿ ಬೇಯುತ್ತದೆ, ಸೋಪು ನೊರೆ ಬರುತ್ತದೆ. ಬೇಸಿಗೆಯಲ್ಲಿ ಮಾತ್ರ ನಾಲ್ಕೈದು ಟ್ಯಾಂಕರ್ ತರಿಸಿದ್ದೆವು.

ನವನಗರ ಸೆಕ್ಟರ್‌ವಾಸಿ · 10:32

ಟ್ಯಾಂಕರ್ ನೀರು ಎಲ್ಲಿಂದ ಬರುತ್ತದೆ ಅಂದುಕೊಂಡಿರಿ? ಬೋರ್‌ನಿಂದಲೇ. ನಾನು ಹೇಳಲಿಲ್ವಾ.

(ಆ್ಯಸಿಡ್ ಮಾತು ವಾಪಸ್ ತೆಗೆದುಕೊಂಡಿದ್ದೇನೆ.)

ಉದ್ಯಮಬಾಗ ಫಿಟ್ಟರ್ · 11:20

ಸೆಕೆಂಡ್ ಶಿಫ್ಟ್ ಮುಗಿಸಿ ಈಗ ನೋಡಿದೆ. ಹೈಡ್ರಾಲಿಕ್ ವಾಲ್ವ್ ಬಿಚ್ಚಿ ಕೂಡಿಸುವುದೇ ನನ್ನ ಕೆಲಸ. ನಿಮ್ಮ ಓವನ್ ವಾಲ್ವ್ ನಮ್ಮದರ ಮರಿ ತಮ್ಮ ಅನ್ನಬಹುದು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಬೇಡ.

ಕರೆಂಟಿನ ಕಾಯಿಲ್ ನೀರಿನ ಬಾಗಿಲನ್ನು ನೇರವಾಗಿ ಎತ್ತುತ್ತದೆ ಅಂತ ಎಲ್ಲರೂ ತಿಳಿದಿರುತ್ತಾರೆ. ಇಂಥ ವಾಲ್ವಿನಲ್ಲಿ ಹಾಗಲ್ಲ. ಅಷ್ಟು ಚಿಕ್ಕ ಕಾಯಿಲ್‌ಗೆ ಅಷ್ಟು ಬಲ ಇಲ್ಲ. ನೀರಿನ ಒತ್ತಡವೇ ಬಾಗಿಲು ತೆರೆಯುತ್ತದೆ, ನೀರಿನ ಒತ್ತಡವೇ ಮುಚ್ಚುತ್ತದೆ. ಕಾಯಿಲ್ ಬರೀ ಸನ್ನೆ ಮಾಡುತ್ತದೆ.

ಒಳಗೆ ಒಂದು ರಬ್ಬರ್ ಡಯಾಫ್ರಮ್ ಇದೆ, ಚಕ್ಕುಲಿ ಬಿಲ್ಲೆಯಷ್ಟು. ಅದರ ಅಂಚಿನ ಹತ್ತಿರ ಸೂಜಿ ಮೊನೆಯಂಥ ಒಂದು ತೂತು. ಆ ತೂತಿನಿಂದ ನೀರು ಡಯಾಫ್ರಮ್ ಮೇಲಕ್ಕೂ ಹೋಗಿ ತುಂಬಿಕೊಳ್ಳುತ್ತದೆ. ಮೇಲೆ ನೀರು ಒತ್ತುವ ಜಾಗ ದೊಡ್ಡದು, ಕೆಳಗೆ ಚಿಕ್ಕದು. ಹಾಗಾಗಿ ಡಯಾಫ್ರಮ್ ಕೆಳಗೆ ಒತ್ತಿಕೊಂಡು ಕೂತಿರುತ್ತದೆ, ವಾಲ್ವ್ ಬಂದ್. ನಡುವೆ ಇನ್ನೊಂದು ತೂತಿದೆ. ಅದನ್ನು ಪ್ಲಂಜರ್, ಅಂದರೆ ಕಾಯಿಲ್ ಎಳೆಯುವ ಸಣ್ಣ ಕಡ್ಡಿ, ಮುಚ್ಚಿರುತ್ತದೆ. ಕರೆಂಟ್ ಬಂದಾಗ ಪ್ಲಂಜರ್ ಟಕ್ ಅಂತ ಮೇಲೆ ಹೋಗುತ್ತದೆ. ಮೇಲಿನ ನೀರು ನಡುವಿನ ತೂತಿನಿಂದ ಖಾಲಿಯಾಗುತ್ತದೆ, ಕೆಳಗಿನ ನೀರು ಡಯಾಫ್ರಮನ್ನು ಎತ್ತುತ್ತದೆ. ಕರೆಂಟ್ ಹೋದರೆ ಪ್ಲಂಜರ್ ಕೂರುತ್ತದೆ, ಅಂಚಿನ ತೂತಿನಿಂದ ಮತ್ತೆ ಮೇಲೆ ನೀರು ತುಂಬಿ ಬಾಗಿಲು ಮುಚ್ಚುತ್ತದೆ.

ಈಗ ನಿಮ್ಮ ಎರಡು ಕಾಟ ಇದರಲ್ಲಿ ಕೂಡಿಸಿ ನೋಡಿ. ಅಂಚಿನ ತೂತಿಗೆ ಕಸ ಕೂತರೆ ಮೇಲೆ ನೀರು ತುಂಬಲ್ಲ, ವಾಲ್ವ್ ಮುಚ್ಚಲ್ಲ. ನಡುವಿನ ತೂತಿಗೆ ಕಸ ಕೂತರೆ ತೆರೆಯಲ್ಲ. ಆದರೆ ಒಂದೇ ವಾಲ್ವ್ ಒಮ್ಮೆ ತೆರೆಯಲ್ಲ, ಒಮ್ಮೆ ಮುಚ್ಚಲ್ಲ ಅಂದರೆ ನನಗೆ ಮೊದಲು ಅನುಮಾನ ಬರುವುದು ಒತ್ತಡದ ಮೇಲೆ. ಒತ್ತಡ ಕಡಿಮೆ ಇದ್ದರೆ ಎತ್ತಲೂ ಬಲ ಇಲ್ಲ, ಒತ್ತಲೂ ಬಲ ಇಲ್ಲ.

ಎರಡು ಪ್ರಶ್ನೆ. ನಿಮ್ಮ ನೀರಿನ ಟಾಕಿ ಓವನ್‌ಗಿಂತ ಎಷ್ಟು ಎತ್ತರ? ಎಂಟು ತಿಂಗಳು ಸರಿ ಇದ್ದದ್ದು ಕೆಟ್ಟಿತು ಅಂದರೆ ನಡುವೆ ಮನೆಯಲ್ಲಿ ಏನು ಬದಲಾಯಿತು?

ದ್ರಾಕ್ಷಿ ತಿಕೋಟಾ · 11:34

ಫಿಟ್ಟರ್ ಅಣ್ಣಾ, ಇದು ನಮ್ಮ ತೋಟದ ಡ್ರಿಪ್ ವಾಲ್ವ್! ಬೇಸಿಗೆಯಲ್ಲಿ ಬೋರ್ ಸೋತಾಗ ಅದೂ ಹೀಗೇ ಆಡುತ್ತದೆ. ಟೈಮರ್ ಬಂದ್ ಆದರೂ ಕೊನೆಯ ಸಾಲಿಗೆ ನೀರು ಹನಿಯುತ್ತಲೇ ಇರುತ್ತದೆ. ಎರಡು ವರ್ಷ ವಾಲ್ವ್ ಕಂಪನಿಗೆ ಬೈದೆ. ಆಮೇಲೆ ಫಿಲ್ಟರ್ ಬಿಚ್ಚಿದರೆ ಅರ್ಧ ಬೊಗಸೆ ಉಸುಕು.

ಜಮಖಂಡಿ ಜವಾರಿ · 11:40

ಇಷ್ಟೆಲ್ಲ ಯಾಕೆ, ವಾಷಿಂಗ್ ಮಷಿನ್ ವಾಲ್ವ್ 300 ರೂಪಾಯಿಗೆ ಸಿಗುತ್ತದೆ. ಥ್ರೆಡ್ ಅದೇ ಮುಕ್ಕಾಲು ಇಂಚು, ಕಾಯಿಲ್ ಅದೇ 230. ಹಾಕಿ ಬಿಡಿ.

ಉದ್ಯಮಬಾಗ ಫಿಟ್ಟರ್ · 11:46

ಕೂರುತ್ತದೆ, ನಿಜ. ಆದರೆ ವಾಷಿಂಗ್ ಮಷಿನ್‌ಗೆ ಬಕೆಟ್‌ಗಟ್ಟಲೆ ನೀರು ಬೇಕು, ಅದರ ವಾಲ್ವ್ ಭಡಭಡ ಬಿಡುತ್ತದೆ. ಸ್ಟೀಮ್ ಓವನ್ನಿನ ಬಾಯ್ಲರ್‌ಗೆ ಲೋಟದಷ್ಟು ಸಾಕು. ಅದಕ್ಕೇ ಅದರ ವಾಲ್ವಿನಲ್ಲಿ ಹರಿವು ಕಡಿಮೆ ಮಾಡುವ ಸಣ್ಣ ಬಿಲ್ಲೆ ಇರುತ್ತದೆ. ಮೇಲಾಗಿ ಇದು ಊಟದ ನೀರು ಹಾಯುವ ದಾರಿ. ಯಾವ ಪ್ಲಾಸ್ಟಿಕ್ಕೋ ಏನೋ, ನಾನಂತೂ ಹಾಕಲ್ಲ. ಅದೂ ಅಲ್ಲದೆ ಕಡಿಮೆ ಒತ್ತಡಕ್ಕೆ ಆ ವಾಲ್ವೂ ಇದೇ ಆಟ ಆಡುತ್ತದೆ.

ಹಿಂದವಾಡಿ ವೈನಿ · ಭಾನುವಾರ, ಮಧ್ಯಾಹ್ನ 1:50

ವರದಿ. ಬೆಳಿಗ್ಗೆ ಪ್ಲಗ್ ಕಿತ್ತು ನಲ್ಲಿ ತೆರೆದಿಟ್ಟೆ. ನಾಲ್ಕು ಗಂಟೆಯಲ್ಲಿ ಅರ್ಧ ಲೋಟ ನೀರು ಬಂತು. ಅಂದರೆ ಬೋರ್ಡ್ ಅಲ್ಲ, ಅಲ್ವಾ ಮಾಮಾ?

ಮಗ ಡಿಪ್ಲೊಮಾ ಓದುತ್ತಾನೆ, ಅವನೇ ಕಾಯಿಲ್ ಅಳೆದ. 3.9 ಕಿಲೋ ಓಂ. ನಲ್ಲಿಯ ಕಡೆ ಪೈಪ್ ಬಿಚ್ಚಿದೆವು. ವಾಲ್ವಿನ ಬಾಯಲ್ಲಿ ಬೆರಳುಗುರಿನಷ್ಟು ಜಾಲರಿ ಇತ್ತು. ಅದರ ಮೇಲೆ ಬಿಳಿ ರವೆಯಂಥದು, ಒಂದಿಷ್ಟು ತುಕ್ಕು, ಮತ್ತೆ ಪ್ಲಂಬರ್ ಸುತ್ತಿದ ಟೆಫ್ಲಾನ್ ಟೇಪಿನ ಎಳೆ. ಹಳೆ ಬ್ರಷ್‌ನಲ್ಲಿ ತೊಳೆದು ಹಾಕಿದೆವು. ಈಗ ಐದು ಸಲದಲ್ಲಿ ನಾಲ್ಕು ಸಲ ನೀರು ತುಂಬುತ್ತದೆ. ಆದರೆ ಹನಿಯುವುದು ನಿಂತಿಲ್ಲ.

ಟಾಕಿ ನಮ್ಮ ತಲೆ ಮೇಲಿನ ಸ್ಲ್ಯಾಬ್ ಮೇಲೇ ಇದೆ. ಏನೂ ಬದಲಾಗಿಲ್ಲ ಮನೆಯಲ್ಲಿ.

ಮೀಟರ್ ಮಾಮಾ · 1:58

ಬೋರ್ಡಿನ ದುಡ್ಡು ಉಳಿಯಿತು. ಮಗನಿಗೆ ಶಾಬಾಸ್ ಹೇಳಿ.

ಮುಧೋಳ ಮಾಸ್ತರ · 2:10

ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಬಾರ್ ಒತ್ತಡ. ನಿಮ್ಮ ಓವನ್ ನೆಲದಿಂದ ಒಂದು ಮೀಟರ್ ಮೇಲೆ, ಸ್ಲ್ಯಾಬ್ ಮೂರು ಮೀಟರ್ ಅಂದುಕೊಳ್ಳೋಣ. ಟಾಕಿ ತಳಕ್ಕೆ ಬರೀ ಎರಡು ಮೀಟರ್, ಅಂದರೆ 0.2 ಬಾರ್. ಟಾಕಿ ತುಂಬಿದ್ದರೆ ಇನ್ನೊಂದು ಮೀಟರ್ ಸೇರಿ 0.3. ನಿಮ್ಮ ಪುಸ್ತಕದಲ್ಲಿ ಎಷ್ಟು ಬೇಕು ಅಂತ ಬರೆದಿದೆ?

ಹಿಂದವಾಡಿ ವೈನಿ · 2:41

ಪುಸ್ತಕ ಜರ್ಮನ್. ಮೈದುನನಿಗೆ ಫೋನ್ ಮಾಡಿ ಓದಿಸಿದೆ. 1ರಿಂದ 6 ಬಾರ್ ಅಂತೆ. ಅಯ್ಯೋ.

ನವನಗರ ಸೆಕ್ಟರ್‌ವಾಸಿ · 2:50

ಹಾಗಾದರೆ ಎಂಟು ತಿಂಗಳು ಹೇಗೆ ನಡೆಯಿತು? ಒತ್ತಡ ಅವತ್ತೂ ಅಷ್ಟೇ ಇತ್ತಲ್ಲ. ಸುಣ್ಣ ಅನ್ನುವ ನನ್ನ ಮಾತೇ ಸರಿ. ಆರ್‌ಒ ನೀರು ಕೊಡಿ, ಕಥೆ ಮುಗಿಯುತ್ತದೆ.

ಮುಧೋಳ ಮಾಸ್ತರ · 3:05

ಆರ್‌ಒ ವಿಷಯದಲ್ಲಿ ಹುಷಾರ್. ಕೆಲವು ಓವನ್‌ಗಳು ಬಾಯ್ಲರಲ್ಲಿ ನೀರು ತುಂಬಿತೋ ಇಲ್ಲವೋ ಅಂತ ಕರೆಂಟ್ ಹಾಯಿಸಿ ತಿಳಿದುಕೊಳ್ಳುತ್ತವೆ. ಒಂದು ಸಣ್ಣ ಕಡ್ಡಿ ಇರುತ್ತದೆ, ನೀರು ಅದಕ್ಕೆ ಮುಟ್ಟಿದರೆ ಸಾಕು ಅಂತ ಲೆಕ್ಕ. ನೀರಲ್ಲಿ ಲವಣವೇ ಇಲ್ಲದಿದ್ದರೆ ಕರೆಂಟ್ ಹಾಯಲ್ಲ. ಬಾಯ್ಲರ್ ತುಂಬಿ ತುಳುಕಿದರೂ ಓವನ್ ಇನ್ನೂ ನೀರು ಕೇಳುತ್ತದೆ. ಪುಸ್ತಕದಲ್ಲಿ ಯಾವ ನೀರು ಅಂತ ಬರೆದಿರುತ್ತದೆ, ಅದನ್ನೂ ಓದಿಸಿ. ಆರ್‌ಒ ಡಬ್ಬಿಯಿಂದ ಬರುವ ಒತ್ತಡ ಟಾಕಿಗಿಂತ ಕಡಿಮೆ, ಅದು ಇನ್ನೊಂದು ಮಾತು.

ಬಾವಡಿ ಹುಡುಗ · 3:22

ಒತ್ತಡದ ಮಾತು ಬಂತು, ಅದಕ್ಕೆ ಬಾಯಿ ಹಾಕುತ್ತೇನೆ. ನಮ್ಮ ವಿಜಯಪುರದಲ್ಲಿ ಹಳೆ ಕಾಲದ ಗಂಜ್‌ಗಳಿವೆ, ಕಲ್ಲಿನ ನೀರಿನ ಗೋಪುರಗಳು. 1651ರಲ್ಲಿ ಮೊಹಮ್ಮದ್ ಆದಿಲ್ ಶಾ ಬೇಗಂ ತಲಾಬ್ ಕಟ್ಟಿಸಿದ. ಅಲ್ಲಿಂದ ಊರೊಳಗೆ ನೀರು ಬಂದದ್ದು ನೆಲದಡಿಯ ಮಣ್ಣಿನ ಕೊಳವೆಯಲ್ಲಿ. ಒತ್ತಡ ಜಾಸ್ತಿಯಾದರೆ ಮಣ್ಣಿನ ಕೊಳವೆ ಒಡೆಯುತ್ತದೆ. ಅದಕ್ಕೆ ದಾರಿಯಲ್ಲಿ ಗಂಜ್ ಕಟ್ಟಿ ನೀರನ್ನು ಮೇಲೆ ಹತ್ತಿಸಿ ಒತ್ತಡ ಮುರಿಯುತ್ತಿದ್ದರು. ಹೂಳೂ ಅಲ್ಲೇ ಕೂರುತ್ತಿತ್ತು. ವೈನಿ ಮನೆಯ ಜಾಲರಿಯೂ ಟಾಕಿಯೂ ಒಂದೇ ಗೋಪುರದಲ್ಲಿ ಅನ್ನಿ.

ಇಡ್ಲಿಪಾತ್ರೆ · 3:25

ಆದಿಲ್ ಶಾಹಿಯವರು ಓವನ್ ಎಲ್ಲಿಂದ ತರಿಸುತ್ತಿದ್ದರು?

ಅಥಣಿ ಅಕ್ಕ · 3:27

ನಗು ಬಂತು ಆದರೂ ವಿಷಯಕ್ಕೆ ಬನ್ನಿ. ವೈನಿ, ಫಿಟ್ಟರ್ ಕೇಳಿದ್ದಕ್ಕೆ ಸರಿಯಾಗಿ ಯೋಚಿಸಿ. ಏನೂ ಬದಲಾಗಿಲ್ಲ ಅಂತ ನಾನೂ ನಮ್ಮ ಫ್ರಿಜ್ ರಿಪೇರಿಯವನಿಗೆ ಹೇಳಿದ್ದೆ. ಅತ್ತೆ ಫ್ರಿಜ್ಜನ್ನು ಗೋಡೆಗೆ ಒತ್ತಿ ಇಟ್ಟಿದ್ದು ಆಮೇಲೆ ಗೊತ್ತಾಯಿತು.

ಹಿಂದವಾಡಿ ವೈನಿ · 6:15

ಸಿಕ್ಕಿತು.

ನಮ್ಮವರು ಸಂಜೆ ಬಂದರು, ಕೇಳಿದೆ. ಟೆರೇಸ್ ಮೇಲೆ ಶವರ್‌ಗೆ ಅಂತ ಪ್ರೆಶರ್ ಪಂಪ್ ಹಾಕಿಸಿದ್ದೆವು, ನನಗೆ ನೆನಪೇ ಇಲ್ಲ. ರಾತ್ರಿ ಯಾರಾದರೂ ನಲ್ಲಿ ತಿರುಗಿಸಿದರೆ ಡರ್ ಅನ್ನುತ್ತಿತ್ತು. ಅತ್ತೆಗೆ ನಿದ್ದೆ ಬರಲ್ಲ ಅಂತ ಮೇ ತಿಂಗಳಲ್ಲಿ ಅದನ್ನು ಬಿಚ್ಚಿ ಬೈಲಹೊಂಗಲದ ನಮ್ಮ ಹೊಲಕ್ಕೆ ಒಯ್ದಿದ್ದಾರೆ. ನನಗೆ ಹೇಳಿಲ್ಲ. ಓವನ್ ಕೆಟ್ಟಿದ್ದು ಜೂನ್‌ನಲ್ಲಿ. ಮೊನ್ನೆ ಸರ್ವಿಸ್‌ನವರು ಬಂದಾಗ ಪಕ್ಕದಲ್ಲೇ ನಿಂತು ಚಹಾ ಕೊಟ್ಟ ಮನುಷ್ಯ ಇವರು!

ಉದ್ಯಮಬಾಗ ಫಿಟ್ಟರ್ · 6:31

ನಮ್ಮ ವರ್ಕ್‌ಶಾಪ್‌ನಲ್ಲೂ ಇದೇ. ಮಷಿನ್ ತಾನಾಗಿಯೇ ಕೆಡುವುದು ಅಪರೂಪ.

ನವನಗರದವರ ಮಾತೂ ಅರ್ಧ ನಿಜ. ಪಂಪ್ ಇದ್ದಾಗ ಒತ್ತಡ ಜಾಸ್ತಿ ಇತ್ತು, ಸಣ್ಣ ಕಸ ಇದ್ದರೂ ವಾಲ್ವ್ ಹೇಗೋ ಮುಚ್ಚಿಕೊಳ್ಳುತ್ತಿತ್ತು. ಪಂಪ್ ಹೋಯಿತು, ಟ್ಯಾಂಕರ್ ನೀರಿನ ಸುಣ್ಣವೂ ಬಂತು. ಎರಡೂ ಸೇರಿ ಕೈ ಕೊಟ್ಟಿತು.

ಪಂಪ್ ವಾಪಸ್ ತರುವ ಮೊದಲು ಯಾವ ಜಾತಿ ನೋಡಿ. ಒಂದು ಜಾತಿ ನೀರು ಹರಿದಾಗ ಶುರುವಾಗುತ್ತದೆ. ಓವನ್ ಎಳೆಯುವ ಸಣ್ಣ ಧಾರೆಗೆ ಅದು ಎಚ್ಚರವೇ ಆಗದಿರಬಹುದು. ಇನ್ನೊಂದು ಒತ್ತಡ ಇಳಿದಾಗ ಶುರುವಾಗುತ್ತದೆ, ಪಕ್ಕದಲ್ಲಿ ಸಣ್ಣ ಗುಂಡು ಟಾಕಿ ಇರುತ್ತದೆ. ನಿಮಗೆ ಎರಡನೆಯದು ಬೇಕು. ಆ ಗುಂಡು ಟಾಕಿ ಒತ್ತಡ ಹಿಡಿದಿಡುತ್ತದೆ, ಪದೇ ಪದೇ ಪಂಪ್ ಓಡಲ್ಲ. ಕೆಳಗೆ ದಪ್ಪ ರಬ್ಬರ್ ಹಾಳೆ ಹಾಕಿ, ಪೈಪಿಗೆ ಒಂದು ಅಡಿ ಮೆತ್ತಗಿನ ಹೋಸ್ ಕೂಡಿಸಿ. ಅತ್ತೆಯವರ ನಿದ್ದೆಗೂ ತೊಂದರೆ ಇಲ್ಲ.

ವಾಲ್ವ್ ಮಾತ್ರ ಒಮ್ಮೆ ಬಿಚ್ಚಲೇಬೇಕು. ಡಯಾಫ್ರಮ್ ತೂತಿಗೆ ಸೂಜಿ ಚುಚ್ಚಬೇಡಿ, ತೂತು ದೊಡ್ಡದಾದರೆ ಮತ್ತೆ ಹೊಸ ರೋಗ. ನಿಂಬೆ ಉಪ್ಪಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ತೊಳೆದು ಊದಿ.

ದ್ರಾಕ್ಷಿ ತಿಕೋಟಾ · 6:40

ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಫೋಟೋ. ಒಳಗಿನ ಸ್ಪ್ರಿಂಗ್ ಹಾರಿ ಹೋಗುತ್ತದೆ. ನಾನು ಒಂದನ್ನು ದ್ರಾಕ್ಷಿ ಸಾಲಿನಲ್ಲಿ ಇನ್ನೂ ಹುಡುಕುತ್ತಿದ್ದೇನೆ.

ಹಿಂದವಾಡಿ ವೈನಿ · ಶುಕ್ರವಾರ, ರಾತ್ರಿ 8:47

ತಡವಾಯಿತು, ಕ್ಷಮಿಸಿ. ಪಂಪ್ ಹೊಲದಿಂದ ಬಂತು. ಇವರು ಅದರಲ್ಲಿ ಟ್ರ್ಯಾಕ್ಟರ್ ತೊಳೆಯುತ್ತಿದ್ದರಂತೆ. ಗುಂಡು ಟಾಕಿ ಇರುವ ಜಾತಿಯೇ. ರಬ್ಬರ್ ಹಾಳೆ, ಹೋಸ್, ಪ್ಲಂಬರ್ ಕೂಲಿ ಸೇರಿ 1,140 ರೂಪಾಯಿ. ಮಗ ವಾಲ್ವ್ ಬಿಚ್ಚಿದ. ಡಯಾಫ್ರಮ್ ಅಂಚಿನ ತೂತು ಬಿಳಿ ಪುಡಿಯಿಂದ ಪೂರಾ ಮುಚ್ಚಿತ್ತು, ಫಿಟ್ಟರ್ ಹೇಳಿದ ಜಾಗದಲ್ಲೇ. ನೆನೆಸಿ ತೊಳೆದು ಕೂಡಿಸಿದೆವು. ಮೂರು ರಾತ್ರಿ ನಲ್ಲಿ ತೆರೆದಿಟ್ಟು ನೋಡಿದೆ. ಒಂದು ಹನಿ ಇಲ್ಲ. ಗುಂಯ್ ಅನ್ನುವುದೂ ಇಲ್ಲ, ಬರೀ ಟಕ್.

ಸರ್ವಿಸ್‌ನವರು ನಿನ್ನೆ ಫೋನ್ ಮಾಡಿದ್ದರು. ಆರ್ಡರ್ ಹಾಕಲೇ ಮೇಡಂ ಅಂದರು. ನಿಮ್ಮ ಚಹಾ ಬಾಕಿ ಇಲ್ಲ ಅಂದೆ.

ನವನಗರ ಸೆಕ್ಟರ್‌ವಾಸಿ · 8:52

ಬಿಳಿ ಪುಡಿ! ಸುಣ್ಣ!

ಮೀಟರ್ ಮಾಮಾ · 8:55

ಆಯ್ತಪ್ಪಾ, ಸುಣ್ಣ. ವೈನಿ, ಊರಿಗೆ ಹೋಗುವಾಗ ಆ ನಲ್ಲಿ ಬಂದ್ ಮಾಡುವ ರೂಢಿ ಇಟ್ಟುಕೊಳ್ಳಿ. ಜಾಲರಿಯನ್ನು ಆರು ತಿಂಗಳಿಗೊಮ್ಮೆ ತೊಳೆಯಿರಿ.

ಅಥಣಿ ಅಕ್ಕ · 9:03

ಅತ್ತೆ ಏನಂದರು ಪಂಪ್ ವಾಪಸ್ ಬಂದದ್ದಕ್ಕೆ?

ಹಿಂದವಾಡಿ ವೈನಿ · 9:10

ಇವತ್ತು ಓವನ್‌ನಲ್ಲಿ ಗಿಣ್ಣ ಮಾಡಿ ಕೊಟ್ಟೆ. ಪಂಪ್ ಸದ್ದು ಕೇಳಿಸುತ್ತಾ ಅಂದೆ. ಯಾವ ಪಂಪ್ ಅಂದರು.

ಇಡ್ಲಿಪಾತ್ರೆ · 9:11

ಗಿಣ್ಣಕ್ಕೆ ಎಷ್ಟು ಡಿಗ್ರಿ ಇಟ್ಟಿರಿ?